ರಾಳದ ವಾಸನೆಯ ಪುಟಗಳು

ಕಲಬುರಗಿಯ ಕಿರಾಣಾ ಬಜಾರ್‌ನಲ್ಲಿ ಆಗ ಒಂದು ರದ್ದಿ ಅಂಗಡಿ ಇತ್ತು. ಹಳೇ ಪೇಪರಿಗೆ ಒಂದು ರೇಟು, ಶಾಲೆ ನೋಟ್‌ಬುಕ್ಕಿಗೆ ಇನ್ನೊಂದು ರೇಟು. ನುಣುಪು ಕಾಗದದ ಮ್ಯಾಗಜಿನ್‌ಗಳಿಗೆ ಎಲ್ಲಕ್ಕಿಂತ ಕಮ್ಮಿ. ಆ ಕಾಗದದಲ್ಲಿ ಪೊಟ್ಟಣ ಕಟ್ಟಿದರೆ ಮಡಿಕೆ ನಿಲ್ಲೋದಿಲ್ಲ, ತೊಗರಿ ಬೇಳೆ ಜಾರಿ ಚೆಲ್ಲುತ್ತದೆ. ಹಾಗಾಗಿ ಅವೆಲ್ಲ ಒಂದು ಮೂಲೆಯಲ್ಲಿ ಬಿದ್ದಿರುತ್ತಿದ್ದವು. 1990ರ ಬೇಸಿಗೆಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ನಾನು ಆ ಮೂಲೆಯಲ್ಲಿ ಸಿನಿಮಾ ಪತ್ರಿಕೆಗಳ ಮಧ್ಯೆ ಸಿಕ್ಕ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳನ್ನು ಆರಿಸಿ, ಒಂದೂವರೆ ಕಿಲೋ ತೂಗಿಸಿಕೊಂಡು ಮನೆಗೆ ಬಂದೆ.

ಹೆಚ್ಚಿನವು 'ಎಲೆಕ್ಟ್ರಾನಿಕ್ಸ್ ಫಾರ್ ಯು'. 1969ರಿಂದ ದೆಹಲಿಯಿಂದ ಬರುತ್ತಿದ್ದ ಪತ್ರಿಕೆ. ಮೊದಲ ಸಲ ತೆರೆದಾಗ ನನಗೆ ಅರ್ಥವಾದದ್ದು ಜಾಹೀರಾತುಗಳು ಮಾತ್ರ. ಆದರೆ ಒಂದು ಸಂಗತಿ ಅವತ್ತೇ ಹಿಡಿಸಿತು. ಪ್ರತಿ ಲೇಖನದ ಜೊತೆ ಒಂದು ಸರ್ಕ್ಯೂಟ್ ಚಿತ್ರ. ಅದರ ಕೆಳಗೆ ಏನೇನು ಬೇಕು ಅನ್ನುವ ಪಟ್ಟಿ. ಪಕ್ಕದಲ್ಲಿ ಪಿಸಿಬಿಯ, ಅಂದರೆ ಸಾಮಾನು ಕೂಡಿಸುವ ತಾಮ್ರದ ಗೆರೆಗಳ ಬೋರ್ಡಿನ ಚಿತ್ರ, ಅದೂ ಅಸಲಿ ಅಳತೆಯಲ್ಲೇ. ಕೆಳಗೆ ಕಾರ್ಬನ್ ಪೇಪರ್ ಇಟ್ಟು ನಕಲು ತೆಗೆಯಬಹುದು ಅಂತ. ಅಂದರೆ ಈ ಪುಟ ಸುಮ್ನೆ ಓದಿ ಮಡಚಿಡೋದಕ್ಕೆ ಬರೆದಿದ್ದಲ್ಲ. ಓದುವವನಿಗೆ ಎರಡು ಕೈ ಇವೆ, ಅವನು ಇದನ್ನು ಮಾಡಿಯೇ ಮಾಡುತ್ತಾನೆ ಅಂತ ನಂಬಿ ಬರೆದದ್ದು.

ಆ ನಂಬಿಕೆ ನನಗೆ ಹೊಸದು. ಶಾಲೆಯ ವಿಜ್ಞಾನ ಪುಸ್ತಕದಲ್ಲೂ ಸರ್ಕ್ಯೂಟ್ ಚಿತ್ರ ಇರುತ್ತಿತ್ತು. ಆದರೆ ಅದು ಪರೀಕ್ಷೆಯಲ್ಲಿ ಬಿಡಿಸಿ ಹೆಸರು ಬರೆಯೋದಕ್ಕೆ. ಬ್ಯಾಟರಿ ತಂದು ಕೂಡಿಸಿ ನೋಡು ಅಂತ ನನಗೆ ಯಾರೂ ಹೇಳಿರಲಿಲ್ಲ.

ಸ್ಟೇಷನ್ ಬಜಾರ್‌ನಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬರಿದ್ದರು. ನಾವು ಹುಡುಗರೆಲ್ಲ ಕಾಕಾ ಅಂತಿದ್ದೆವು. ಅಂಗಡಿಯಲ್ಲಿ ಇಡೀ ದಿನ ಆಕಾಶವಾಣಿ ಹಾಡುತ್ತಿತ್ತು. ಒಂದು ರೇಡಿಯೋ ರಿಪೇರಿಯಾಯಿತು ಅಂತ ಗೊತ್ತಾಗುತ್ತಿದ್ದದ್ದು, ಎರಡು ಕಡೆಯಿಂದ ಒಂದೇ ಹಾಡು ಕೇಳಿದಾಗ. ಕಾಕಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಉರ್ದು ಬರುತ್ತಿತ್ತು, ಕನ್ನಡ ಕೂಡಿಸಿ ಕೂಡಿಸಿ ಓದುತ್ತಿದ್ದರು. ನನ್ನ ಪತ್ರಿಕೆ ಕೈಗೆ ತಗೊಂಡು ಅಕ್ಷರಗಳ ಕಡೆ ನೋಡಲೇ ಇಲ್ಲ. ಬೆರಳನ್ನು ಸರ್ಕ್ಯೂಟ್‌ನ ಎಡಗಡೆ ಇಟ್ಟು, ಗೆರೆಯ ಮೇಲೆ ನಿಧಾನ ಸರಿಸುತ್ತಾ ಬಲಕ್ಕೆ ಬಂದರು. "ಇಲ್ಲಿಂದ ಬರ್ತದ, ಇಲ್ಲಿ ದೊಡ್ಡದಾಗ್ತದ, ಇಲ್ಲಿ ಸ್ಪೀಕರಿಗೆ ಹೋಗ್ತದ. ಮಾಡು, ಛಲೋ ಅದ" ಅಂದರು. ನಾನು ಎರಡು ದಿನ ಡಿಕ್ಷನರಿ ಹಿಡಿದು ಕೂತು ತಿಳಿದುಕೊಂಡದ್ದನ್ನು ಅವರು ಅರ್ಧ ನಿಮಿಷದಲ್ಲಿ ಓದಿ ಮುಗಿಸಿದ್ದರು. ನಾನು ಇಂಗ್ಲಿಷ್ ಓದಿದ್ದೆ, ಅವರು ಸರ್ಕ್ಯೂಟ್ ಓದಿದ್ದರು.

ಪಟ್ಟಿಯಲ್ಲಿದ್ದ ಸಾಮಾನು ನಮ್ಮ ಊರಲ್ಲಿ ಪೂರ್ತಿ ಸಿಕ್ಕ ಉದಾಹರಣೆಯೇ ಇಲ್ಲ. ಬಿ.ಸಿ. 548 ಟ್ರಾನ್ಸಿಸ್ಟರ್ ಬೇಕು ಅಂತ ಪತ್ರಿಕೆ ಹೇಳಿದರೆ ಕಾಕಾನ ಡಬ್ಬಿಯಲ್ಲಿ ಇರುತ್ತಿದ್ದದ್ದು ಹಳೇ ರೇಡಿಯೋಗಳಿಂದ ಕಿತ್ತ ಬಿ.ಸಿ. 148. ಒಳಗಿನ ಗುಣ ಹೆಚ್ಚು ಕಮ್ಮಿ ಒಂದೇ, ಆದರೆ ಕಾಲುಗಳ ಕ್ರಮ ಬೇರೆ. ಪಿಸಿಬಿಯ ತೂತಿಗೆ ನೇರ ಇಳಿಸಿದರೆ ಕೆಲಸ ಮಾಡೋದಿಲ್ಲ. ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸಬೇಕು. ದಾಟುವ ಕಡೆ ತಾಗದಂತೆ ವೈರಿನ ಸಿಪ್ಪೆ ತೆಗೆದು ತೊಡಿಸಬೇಕು. ಇದು ಯಾವ ಲೇಖನದಲ್ಲೂ ಬರೆದಿರಲಿಲ್ಲ. ಸಿಗದ ಸಾಮಾನಿಗೆ ಬದಲಿ ಹುಡುಕುತ್ತಾ ಹುಡುಕುತ್ತಾ ನನಗೆ ಆ ಸಾಮಾನು ಅಲ್ಲಿ ಯಾಕಿದೆ ಅನ್ನೋದು ತಿಳಿಯಿತು. ದೆಹಲಿಯಲ್ಲಿ ಮನೆ ಹತ್ತಿರವೇ ಎಲ್ಲಾ ಸಿಗುವ ಹುಡುಗನಿಗೆ ಈ ಪಾಠ ಇಷ್ಟು ಬೇಗ ಸಿಗುತ್ತಿತ್ತಾ? ನನಗಂತೂ ಅನುಮಾನ.

ತೀರಾ ಸಿಗದಿದ್ದರೆ ಹೈದರಾಬಾದ್. ನಮಗೆ ಬೆಂಗಳೂರು ರಾಜಧಾನಿ ಹೌದು, ಆದರೆ ಅದು ಒಂದು ರಾತ್ರಿಯ ದಾರಿ. ಹೈದರಾಬಾದ್ ಬೆಳಿಗ್ಗೆ ಹೋಗಿ ರಾತ್ರಿ ಬರುವಷ್ಟು ಹತ್ತಿರ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ರೆಸಿಸ್ಟರ್‌ಗಳನ್ನು ಬೀಜದ ಹಾಗೆ ಹಿಡಿಯಲ್ಲಿ ಎತ್ತಿ ಕೊಡುತ್ತಿದ್ದರು. ಯಾರ ಮನೆಯವರಾದರೂ ಆಸ್ಪತ್ರೆಗೋ ಮದುವೆಗೋ ಹೈದರಾಬಾದಿಗೆ ಹೊರಟರೆ ನನ್ನದೊಂದು ಚೀಟಿ ಅವರ ಜೇಬಿನಲ್ಲಿ ಇರುತ್ತಿತ್ತು.

ಪಿಸಿಬಿ ಮಾಡಿದ ದಿನದ ಕತೆ ಹೇಳಲೇಬೇಕು. ಅದೊಂದು ಡಿಜಿಟಲ್ ಕೌಂಟರ್. ಹದಿನಾಲ್ಕು ಕಾಲಿನ ಎರಡು ಐಸಿ, ಅಂದರೆ ಚಿಪ್ಪು. ತಾಮ್ರ ಹಚ್ಚಿದ ಬೋರ್ಡು ತಂದೆ. ಪತ್ರಿಕೆಯ ಚಿತ್ರವನ್ನು ಕಾರ್ಬನ್ ಪೇಪರ್ ಇಟ್ಟು ಅದರ ಮೇಲೆ ಇಳಿಸಿದೆ. ಗೆರೆಗಳ ಮೇಲೆ ಅಕ್ಕನ ಉಗುರು ಬಣ್ಣ ತೀಡಿದೆ. ಬಣ್ಣ ಇದ್ದ ಕಡೆ ತಾಮ್ರ ಉಳಿಯುತ್ತದೆ, ಇಲ್ಲದ ಕಡೆ ಫೆರಿಕ್ ಕ್ಲೋರೈಡ್ ಅದನ್ನು ತಿನ್ನುತ್ತದೆ. ಹಿತ್ತಿಲ ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟು, ಕಡು ಕಂದು ಬಣ್ಣದ ಆ ನೀರಿನಲ್ಲಿ ಬೋರ್ಡು ಮುಳುಗಿಸಿ ಅಲ್ಲಾಡಿಸುತ್ತಾ ಕೂತೆ. ಏಪ್ರಿಲ್ ತಿಂಗಳು, ಹೊರಗೆ ಕೆಂಡದಂಥ ಬಿಸಿಲು. ಬಿಸಿ ಇದ್ದರೆ ಬೇಗ ತಿನ್ನುತ್ತದೆ ಅಂತ ಪತ್ರಿಕೆ ಬರೆದಿತ್ತು. ನಮ್ಮ ಊರಿನಲ್ಲಿ ಅದಕ್ಕಾಗಿ ನೀರು ಕಾಯಿಸುವ ಅಗತ್ಯವೇ ಬೀಳಲಿಲ್ಲ.

ಎತ್ತುವಾಗ ತಟ್ಟೆ ವಾಲಿತು. ಅರ್ಧ ಬಟ್ಟಲಿನಷ್ಟು ನೀರು ಪರಸಿಯ ಮೇಲೆ ಚೆಲ್ಲಿತು. ನಮ್ಮ ಮನೆಗಳ ನೆಲವೆಲ್ಲ ಶಹಾಬಾದ್ ಕಲ್ಲು ಅಲ್ವಾ, ಅದು ಸುಣ್ಣದ ಕಲ್ಲು. ಫೆರಿಕ್ ಕ್ಲೋರೈಡಿನ ನೀರು ಹುಳಿ. ಚೆಲ್ಲಿದ ಕಡೆಯೆಲ್ಲ ಸೋಡಾ ಬಾಟಲಿ ತೆರೆದ ಹಾಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಕಿವಿ ಹತ್ತಿರ ತಂದರೆ ಸುಯ್ ಅಂತ ಸದ್ದು. ಹುಳಿಯೂ ಸುಣ್ಣದ ಕಲ್ಲೂ ಸೇರಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದು ಬಂದು ತಿಂಗಳೂ ಆಗಿರಲಿಲ್ಲ. ಅದು ಈಗ ನನ್ನ ಕಾಲ ಬುಡದಲ್ಲಿ ನಡೆಯುತ್ತಿತ್ತು. ಗುಳ್ಳೆ ನಿಂತ ಮೇಲೆ ನೋಡಿದರೆ ಬೂದು ಕಲ್ಲಿನ ಮೇಲೆ ತುಕ್ಕಿನ ಬಣ್ಣದ ಒಂದು ಕಲೆ, ಅಂಗೈ ಅಗಲ. ಅವ್ವ ಹುಣಸೆ ಹಣ್ಣು ಹಚ್ಚಿ ತಿಕ್ಕಿದಳು, ಇಟ್ಟಿಗೆ ಪುಡಿ ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಇವತ್ತಿಗೂ ಇದೆ.

ಬೋರ್ಡು ಮಾತ್ರ ಚೆನ್ನಾಗಿ ಬಂದಿತ್ತು. ತೂತು ಕೊರೆದೆ, ಐಸಿ ಕೂಡಿಸಿದೆ, ಬೆಸುಗೆ ಹಾಕಿದೆ. ಕೆಲಸ ಮಾಡಲಿಲ್ಲ. ಎರಡು ವಾರ ಹುಡುಕಿದೆ. ಬೆಸುಗೆಗಳನ್ನು ಕಿತ್ತು ಮತ್ತೆ ಹಾಕಿದೆ. ಕೊನೆಗೆ ಕಾಕಾನ ಅಂಗಡಿಗೆ ಒಯ್ದೆ. ಅವರು ಪತ್ರಿಕೆಯನ್ನೂ ಬೋರ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಪುಟವನ್ನು ಎತ್ತಿ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರು. "ಉಲ್ಟಾ ಛಾಪಿಸ್ಯಾರ" ಅಂದರು. ತಾಮ್ರದ ಕಡೆಯಿಂದ ನೋಡಿದ ಚಿತ್ರ ಅಂತ ಲೇಖನ ಹೇಳಿತ್ತು. ಅಚ್ಚಾಗಿದ್ದದ್ದು ಸಾಮಾನಿನ ಕಡೆಯಿಂದ ನೋಡಿದ ಚಿತ್ರ. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲು ಬದಲಾಗಿತ್ತು. ಒಂದನೇ ಕಾಲು ಹದಿನಾಲ್ಕನೇ ಕಾಲಿನ ಜಾಗದಲ್ಲಿ ಕೂತಿತ್ತು.

ನನಗೆ ಅಳು ಬರೋದೊಂದು ಬಾಕಿ. ಬೋರ್ಡು ಹಾಳಾಯ್ತು ಅಂದುಕೊಂಡೆ. ಕಾಕಾ ಐಸಿ ಎರಡನ್ನೂ ಬಿಚ್ಚಿ, ಬೋರ್ಡನ್ನು ಮಗುಚಿ, ತಾಮ್ರದ ಕಡೆಯಿಂದಲೇ ಐಸಿ ಕೂಡಿಸಿ ಬೆಸುಗೆ ಹಾಕಿದರು. ಅಷ್ಟೇ. ಕನ್ನಡಿ ಚಿತ್ರಕ್ಕೆ ಇನ್ನೊಂದು ಕನ್ನಡಿ. ನೋಡೋಕೆ ಚಂದ ಇರಲಿಲ್ಲ, ಐಸಿಗಳು ಹೊಟ್ಟೆ ಮೇಲೆ ಮಲಗಿದ ಹಾಗೆ ಕಾಣುತ್ತಿದ್ದವು. ಆದರೆ ಕೌಂಟರ್ ಎಣಿಸತೊಡಗಿತು. ಆ ಅಂಗಡಿಯಲ್ಲಿ, ಬೆಸುಗೆಯ ರಾಳದ ಹೊಗೆಯ ನಡುವೆ, ಕೆಂಪು ಅಂಕಿ ಒಂದರಿಂದ ಎರಡಾದ ಗಳಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಷ್ಟೋ ತಿಂಗಳ ಮೇಲೆ ರದ್ದಿ ಅಂಗಡಿಯಲ್ಲೇ ಆ ಪತ್ರಿಕೆಯ ಮುಂದಿನ ಒಂದು ಸಂಚಿಕೆ ಸಿಕ್ಕಿತು. ಓದುಗರ ಪತ್ರಗಳ ಪುಟದ ಕೆಳಗೆ ನಾಲ್ಕು ಸಾಲು. ಇಂಥ ತಿಂಗಳ ಇಂಥ ಪುಟದ ಚಿತ್ರ ತಿರುವುಮುರುವಾಗಿದೆ, ಒಬ್ಬ ಓದುಗರು ಗಮನಕ್ಕೆ ತಂದಿದ್ದಾರೆ ಅಂತ. ನನಗೆ ಸಿಟ್ಟು ಬರಲಿಲ್ಲ. ಯಾವುದೋ ಊರಲ್ಲಿ ಇನ್ನೊಬ್ಬರು ಇದೇ ಬೋರ್ಡು ಮಾಡಿ, ಇದೇ ತೊಂದರೆ ಅನುಭವಿಸಿ, ಹುಡುಕಿ, ಕಾರ್ಡು ಬರೆದಿದ್ದಾರೆ ಅಂತ ಖುಷಿಯಾಯಿತು. ಅವತ್ತಿನಿಂದ ಯಾವ ಪತ್ರಿಕೆ ಕೊಂಡರೂ ಮೊದಲು ತೆರೆಯುವುದು ತಿದ್ದುಪಡಿಯ ಜಾಗವನ್ನೇ. ತಪ್ಪನ್ನು ಅಚ್ಚು ಹಾಕಿ ಒಪ್ಪಿಕೊಳ್ಳುವ, ತಿದ್ದಿದವರಿಗೆ ಜಾಗ ಕೊಡುವ ಬರಹ ನನಗೆ ಅಲ್ಲಿಯವರೆಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಈ ಪತ್ರಿಕೆಗಳ ಹಿಂದೆ ದೊಡ್ಡದೊಂದು ವಂಶವೇ ಇದೆ ಅನ್ನೋದು ಗೊತ್ತಾದದ್ದು ಆಮೇಲೆ. 1975ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಮುಖಪುಟದಲ್ಲಿ ಆಲ್ಟೇರ್ 8800 ಅನ್ನುವ ಕಂಪ್ಯೂಟರಿನ ಚಿತ್ರ ಬಂತು. ಆಲ್ಬುಕರ್ಕ್ ಊರಿನ ಎಂಐಟಿಎಸ್ ಅನ್ನುವ ಸಣ್ಣ ಕಂಪನಿ, ಎಡ್ ರಾಬರ್ಟ್ಸ್ ಅದರ ಯಜಮಾನ. 397 ಡಾಲರ್ ಕಳಿಸಿದರೆ ಬಿಡಿಭಾಗಗಳ ಪೆಟ್ಟಿಗೆ ಬರುತ್ತದೆ, ಬೆಸುಗೆ ನೀವೇ ಹಾಕಿಕೊಳ್ಳಬೇಕು. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಮೆಮೊರಿ 256 ಬೈಟ್. ಮುಂದೆ ಸಾಲು ಸ್ವಿಚ್ಚು, ಸಾಲು ದೀಪ. ಮುಖಪುಟದ ಫೋಟೋ ತೆಗೆಯಲು ಕಳಿಸಿದ ಯಂತ್ರ ದಾರಿಯಲ್ಲೇ ಕಳೆದುಹೋಗಿ, ಕೊನೆಗೆ ಒಳಗೆ ಏನೂ ಇಲ್ಲದ ಡಬ್ಬಿಯ ಫೋಟೋ ಹಾಕಿದರಂತೆ. ಕೆಲವು ನೂರು ಜನ ಕೊಂಡರೆ ಸಾಕು ಅಂದುಕೊಂಡವರಿಗೆ ಸಾವಿರಾರು ಜನ ದುಡ್ಡು ಕಳಿಸಿದರು. ಆ ಸಂಚಿಕೆ ನೋಡಿಯೇ ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ ಆಲ್ಟೇರ್‌ಗೆ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರೆಯಲು ಕೂತದ್ದು. ಮಾರ್ಚ್ 5ಕ್ಕೆ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಒಂದು ಗ್ಯಾರೇಜಿನಲ್ಲಿ ಹವ್ಯಾಸಿಗಳ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿದ್ದೂ ಅದರ ಬಿಸಿಯಲ್ಲೇ.

ಅದೇ 1975ರಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು? ಇದನ್ನು ನಾನು ಯಾರಿಗಾದರೂ ಹೇಳದೆ ಬಿಡೋದಿಲ್ಲ. ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿತು. 'ಸೈಟ್' ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಆಗ ಯಾದಗಿರಿಯೂ ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು. ಉಪಗ್ರಹದಿಂದ ಬಂದ ಅಲೆ ಹಿಡಿಯಲು ಕಟ್ಟಿದ್ದೇನು ಗೊತ್ತಾ? ಕೋಳಿ ಗೂಡಿಗೆ ಹಾಕುವ ತಂತಿ ಬಲೆಯ ಮೂರು ಮೀಟರ್ ತಟ್ಟೆ. ಎಷ್ಟೋ ಪಟ್ಟಣಗಳು ಟಿವಿಯನ್ನೇ ನೋಡದಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳ ಶಾಲೆ ಅಂಗಳದಲ್ಲಿ ಆಕಾಶದಿಂದ ಕನ್ನಡ ಇಳಿಯುತ್ತಿತ್ತು. ಕಾಕಾ ಆಗ ಹುಡುಗ. ಒಂದು ಹಳ್ಳಿಗೆ ಹೋಗಿ ಅದನ್ನು ನೋಡಿ ಬಂದಿದ್ದರು. "ಟಿವಿ ಯಾರು ನೋಡಿದ್ರೋ ಏನೋ, ನಾ ಆ ಬಲಿಯ ಸುತ್ತ ತಿರುಗಿ ತಿರುಗಿ ನೋಡೀನಿ. ಜಾಳಿಗಿ, ಕಬ್ಬಿಣದ ಪಟ್ಟಿ, ಅಷ್ಟೇ. ಇದನ್ನ ನಾನೂ ಕಟ್ಟಬಹುದಲ್ಲ ಅನಸ್ತು" ಅಂತಿದ್ದರು. ಇಲ್ಲಿಯವರು ಇಂಥದ್ದಕ್ಕೆಲ್ಲ ದೂರದವರು ಅಂತ ಯಾರಾದರೂ ಅಂದರೆ ನನಗೆ ಆ ಕೋಳಿ ಬಲೆ ನೆನಪಾಗುತ್ತದೆ.

ಆಲ್ಟೇರ್ ಬಂದ ವರ್ಷವೇ, ಸೆಪ್ಟೆಂಬರಿನಲ್ಲಿ 'ಬೈಟ್' ಪತ್ರಿಕೆ ಶುರುವಾಯಿತು. ಯಂತ್ರ ಆಫ್ ಮಾಡಿದರೆ ಪ್ರೋಗ್ರಾಂ ಹೋಗಿಬಿಡುವುದು ಆಗಿನ ದೊಡ್ಡ ತಲೆನೋವು. ಡಿಸ್ಕು ಕೊಳ್ಳುವ ದುಡ್ಡು ಯಾರ ಹತ್ತಿರವೂ ಇಲ್ಲ. ಮನೆಯಲ್ಲಿ ಹಾಡು ಕೇಳುವ ಕ್ಯಾಸೆಟ್ ರೆಕಾರ್ಡರ್ ಇದೆ. ಅದಕ್ಕೇ ಪ್ರೋಗ್ರಾಂ ತುಂಬಿದರೆ? ಆದರೆ ಒಬ್ಬೊಬ್ಬ ತಯಾರಕನದು ಒಂದೊಂದು ವಿಧಾನ ಆದರೆ ಒಬ್ಬರ ಕ್ಯಾಸೆಟ್ ಇನ್ನೊಬ್ಬರಿಗೆ ಉಪಯೋಗವಿಲ್ಲ. ಆ ನವೆಂಬರಿನಲ್ಲಿ 'ಬೈಟ್' ಪತ್ರಿಕೆಯೇ ಎಲ್ಲರನ್ನೂ ಕಾನ್ಸಾಸ್ ಸಿಟಿಗೆ ಕರೆಸಿ ಕೂರಿಸಿತು. ಸೊನ್ನೆಗೆ 1200 ಹರ್ಟ್ಸ್ ದನಿ, ಒಂದಕ್ಕೆ 2400 ಹರ್ಟ್ಸ್ ದನಿ, ಸೆಕೆಂಡಿಗೆ 300 ಬಿಟ್. ಅಂದರೆ ಸೆಕೆಂಡಿಗೆ ಸುಮಾರು 27 ಅಕ್ಷರ. ಕ್ಯಾಸೆಟ್ ಹಾಕಿ ಕೇಳಿದರೆ ಜೀರುಂಡೆ ಕೂಗಿದ ಹಾಗೆ. ಒಂದು ಪತ್ರಿಕೆ ಸುದ್ದಿ ಬರೆದು ಸುಮ್ಮನಾಗದೆ, ಎಲ್ಲರೂ ಒಪ್ಪುವ ಒಂದು ಕ್ರಮವನ್ನೇ ಕಟ್ಟಿಸಿತು ಅಲ್ವಾ, ನನಗೆ ಬಲು ಇಷ್ಟವಾದ ಸಂಗತಿ ಇದು. 1977ರ ಮೇ ತಿಂಗಳಲ್ಲಿ 'ಇಂಟರ್‌ಫೇಸ್ ಏಜ್' ಅನ್ನುವ ಇನ್ನೊಂದು ಪತ್ರಿಕೆ ಪುಟಗಳ ನಡುವೆ ತೆಳ್ಳನೆಯ ಗ್ರಾಮೊಫೋನ್ ತಟ್ಟೆಯನ್ನೇ ಇಟ್ಟು, ಅದರಲ್ಲಿ ಬೇಸಿಕ್ ಹಂಚಿತು. ನೆದರ್ಲೆಂಡ್ಸ್‌ನಲ್ಲಿ ರೇಡಿಯೋದಲ್ಲೇ ಪ್ರೋಗ್ರಾಂ ಪ್ರಸಾರ ಮಾಡುತ್ತಿದ್ದರು, ಜನ ಟೇಪಿಗೆ ಹಿಡಿದುಕೊಂಡು ಕಂಪ್ಯೂಟರಿಗೆ ಉಣಿಸುತ್ತಿದ್ದರು. ಕಾಕಾಗೆ ಹೇಳಿದಾಗ ಅವರು ರೇಡಿಯೋ ಕಡೆ ತಿರುಗಿ ಬಹಳ ಹೊತ್ತು ಸುಮ್ಮನೆ ನೋಡಿದರು.

ಈ ವಂಶದಲ್ಲಿ ನನಗೆ ತೀರಾ ಹತ್ತಿರ ಅನಿಸುವುದು 1976ರಲ್ಲಿ ಶುರುವಾದ 'ಡಾಕ್ಟರ್ ಡಾಬ್ಸ್ ಜರ್ನಲ್'. ಅದು ಹುಟ್ಟಿದ್ದೇ ಟೈನಿ ಬೇಸಿಕ್‌ಗಾಗಿ. ಎರಡು ಮೂರು ಕಿಲೋಬೈಟ್‌ನಲ್ಲಿ ಹಿಡಿಯುವ ಸಣ್ಣ ಬೇಸಿಕ್ ಭಾಷೆ ಹೇಗಿರಬೇಕು ಅಂತ ಡೆನಿಸ್ ಆಲಿಸನ್ ಬರೆದ ರೂಪರೇಖೆ ಓದಿ, ಓದುಗರೇ ತಮ್ಮ ತಮ್ಮ ಯಂತ್ರಕ್ಕೆ ತಕ್ಕ ಹಾಗೆ ಬರೆದು ಕಳಿಸಿದರು. ಪತ್ರಿಕೆ ಆ ಕೋಡನ್ನು ಪೂರ್ತಿ ಅಚ್ಚು ಹಾಕಿತು. ಮುಂದಿನವರು ಅದರಲ್ಲಿ ತಪ್ಪು ಹುಡುಕಿದರು, ತಿದ್ದಿದರು, ಇನ್ನಷ್ಟು ಕಿರಿದು ಮಾಡಿದರು. ಲಿ ಚೆನ್ ವಾಂಗ್ ಅನ್ನುವವರು ತಮ್ಮ ಟೈನಿ ಬೇಸಿಕ್‌ನ ನೆತ್ತಿಯ ಮೇಲೆ ಕಾಪಿರೈಟ್ ಜಾಗದಲ್ಲಿ 'ಕಾಪಿಲೆಫ್ಟ್' ಅಂತ ಬರೆದರು. ಅದೇ ವರ್ಷದ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ನೀವು ನಮ್ಮ ಬೇಸಿಕ್ ಕದಿಯುತ್ತಿದ್ದೀರಿ ಅಂತ ದೂರಿದ್ದರು. ಅವರ ಮಾತಿನಲ್ಲಿ ಸುಳ್ಳಿಲ್ಲ, ದುಡಿದವನಿಗೆ ಕೂಲಿ ಸಿಗಬೇಕು. ಆದರೆ ಕೊಳ್ಳಲಾಗದವನ ಮುಂದೆ ಕದಿಯುವುದೊಂದೇ ದಾರಿ ಅಲ್ಲ, ಸೇರಿ ಕಟ್ಟಿಕೊಳ್ಳುವ ಮೂರನೇ ದಾರಿಯೂ ಇದೆ ಅಂತ ತೋರಿಸಿದ್ದು ಆ ತೆಳ್ಳನೆಯ ಪತ್ರಿಕೆ. ನಾನು ಯಾವತ್ತೂ ಅದರ ಪಕ್ಷ.

ನಾನು ಇಂಜಿನಿಯರಿಂಗ್ ಸೇರಿದಾಗ ಕಾಲೇಜಿನಲ್ಲಿ 8085 ಅನ್ನುವ ಪ್ರೊಸೆಸರ್ ಚಿಪ್ಪಿನ ಮೇಲೆ ಕಲಿಯುವ ಕಿಟ್ ಇದ್ದವು. ಬೀರುವಿಗೆ ಬೀಗ. ವಾರಕ್ಕೆ ಒಂದು ಸಲ, ಐದು ಜನಕ್ಕೆ ಒಂದು ಕಿಟ್. ನನಗೆ ಸರದಿ ಬರುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಹಾಗಾಗಿ ಮನೆಯಲ್ಲಿ ಕಾಗದದ ಮೇಲೇ ಪ್ರೋಗ್ರಾಂ ಬರೆದು, ನಾನೇ ಪ್ರೊಸೆಸರ್ ಆಗಿ ಒಂದೊಂದು ಸಾಲು ನಡೆಸಿ ನೋಡುತ್ತಿದ್ದೆ. ಮೊದಲ ಪ್ರೋಗ್ರಾಂ ಈಗಲೂ ಬಾಯಿಪಾಠ. 3ಇ 05, 06 03, 80, 32 00 90, 76. ಐದನ್ನು ಎ ರಿಜಿಸ್ಟರಿಗೆ ಹಾಕು, ಮೂರನ್ನು ಬಿ ರಿಜಿಸ್ಟರಿಗೆ ಹಾಕು, ಕೂಡಿಸು, ಬಂದದ್ದನ್ನು ಮೆಮೊರಿಯ 9000ನೇ ಮನೆಯಲ್ಲಿಡು, ನಿಲ್ಲು. ಮೊದಲ ಸಲ ನಾನು 32ರ ಮುಂದೆ 90 00 ಅಂತ ಒತ್ತಿದ್ದೆ. ಓದುವ ಕ್ರಮದಲ್ಲೇ ಬರೆಯಬೇಕು ಅಂತ ನನ್ನ ಲೆಕ್ಕ. ಈ ಚಿಪ್ಪು ವಿಳಾಸದ ಕೆಳ ಅರ್ಧವನ್ನು ಮೊದಲು ಕೇಳುತ್ತದೆ. ಹಾಗಾಗಿ ಉತ್ತರ 0090ನೇ ಮನೆಗೆ ಹೋಯಿತು. ಅದು ಓದಲು ಮಾತ್ರ ಬರುವ ಮೆಮೊರಿ, ಬರೆದದ್ದು ನಿಲ್ಲೋದಿಲ್ಲ. ನಾನು 9000 ತೆರೆದು ನೋಡಿದರೆ ಏನೋ ಕಸದ ಅಂಕಿ. ತಪ್ಪು ಹೊಳೆದದ್ದು ಸಿಟಿ ಬಸ್ಸಿನಲ್ಲಿ, ಜಗತ್ ಸರ್ಕಲ್ ದಾಟುವಾಗ. ಮುಂದಿನ ವಾರದವರೆಗೆ ಕಾಯಬೇಕಾಯಿತು. ಮುಂದಿನ ವಾರ 08 ಬಂತು.

ಆಮೇಲೆ ಒಂದು ದಿನ ಹಳೇ ಪತ್ರಿಕೆ ತಿರುವುವಾಗ ಗೊತ್ತಾಯಿತು. ಆಲ್ಟೇರ್‌ನೊಳಗೆ ಇದ್ದದ್ದು ಇಂಟೆಲ್ 8080. ನಮ್ಮ 8085 ಅದರ ತಮ್ಮ, ಅಣ್ಣನ ಮಾತೆಲ್ಲ ತಮ್ಮನಿಗೂ ತಿಳಿಯುತ್ತದೆ. ನನ್ನ ಆ ಒಂಬತ್ತು ಬೈಟ್ ಹಾಗೇ ಆಲ್ಟೇರ್‌ನಲ್ಲೂ ನಡೆಯುತ್ತದೆ, ವಿಳಾಸವೊಂದನ್ನು ಬದಲಿಸಿದರೆ ಸಾಕು. ಅಲ್ಲಿ 3ಇ ಅನ್ನೋದನ್ನು ಸ್ವಿಚ್ಚಿನಲ್ಲಿ ಇಡಬೇಕು, ಎರಡು ಕೆಳಗೆ, ಐದು ಮೇಲೆ, ಒಂದು ಕೆಳಗೆ. ಅವತ್ತು ರಾತ್ರಿ ಕರೆಂಟ್ ಇರಲಿಲ್ಲ. ಮಾಳಿಗೆ ಮೇಲೆ ಮಲಗಿ ಗಾಳಿಯಲ್ಲೇ ಬೆರಳಿನಿಂದ ಆ ಎಂಟು ಸ್ವಿಚ್ಚು ಒತ್ತಿ ಒತ್ತಿ ನೋಡಿದೆ.

ಪ್ರೋಗ್ರಾಂ ಅಚ್ಚು ಹಾಕುವ ಪದ್ಧತಿಯ ಬಗ್ಗೆ ಇನ್ನೊಂದು ಮಾತು. ಎಂಬತ್ತರ ದಶಕದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬೇಸಿಕ್ ಕೋಡು ಇರುತ್ತಿತ್ತು. ಓದುಗರು ಒಂದೊಂದು ಅಕ್ಷರ ಒತ್ತಿ ತುಂಬಬೇಕು. ಅಲ್ಪವಿರಾಮ ಒಂದು ತಪ್ಪಿದರೂ ಆಟ ನಡೆಯೋದಿಲ್ಲ. ಹಾಗಾಗಿ 1983ರಲ್ಲಿ 'ಕಂಪ್ಯೂಟ್' ಬಳಗದ ಪತ್ರಿಕೆ ಪ್ರತಿ ಸಾಲಿಗೂ ಒಂದು ತಾಳೆ ಅಂಕಿ ಕೊಡತೊಡಗಿತು. ನೀವು ಸಾಲು ಒತ್ತಿದ ಮೇಲೆ ಪರದೆಯಲ್ಲಿ ಬಂದ ಅಂಕಿಯೂ ಪುಟದಲ್ಲಿರುವ ಅಂಕಿಯೂ ಒಂದೇ ಆದರೆ ಸಾಲು ಸರಿ. ನಮ್ಮಲ್ಲಿ ಇಂಥ ಪುಟಗಳನ್ನು ನಾನು ನೋಡಿದ್ದೇ ತಡವಾಗಿ, ಪರಿಚಯದವರ ಕಂಪ್ಯೂಟರ್ ಕ್ಲಾಸಿನಲ್ಲಿ, ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ. ಒಬ್ಬ ಗೆಳೆಯ ಓದುವವ, ನಾನು ಒತ್ತುವವ. ಅವನು "ಕೋಟ್, ಬ್ರಾಕೆಟ್, ಡಾಲರ್" ಅಂತ ಪಠಣ ಮಾಡುತ್ತಿದ್ದ. ಬೇರೆಯವರ ಕೋಡನ್ನು ಅಕ್ಷರ ಅಕ್ಷರ ಒತ್ತುವಾಗ, ಇವರು ಇಲ್ಲಿ ಯಾಕೆ ಹೀಗೆ ಬರೆದರು ಅನ್ನುವ ಪ್ರಶ್ನೆ ಬೆರಳಿನ ಮೂಲಕವೇ ತಲೆಗೆ ಹತ್ತುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅಷ್ಟು ಹೊತ್ತು ಅದರ ಜೊತೆ ಕೂತಿರೋದಿಲ್ಲ.

1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಸಿಡಿ ಹಂಚಿತು. ನನ್ನ ಕೈಗೆ ಅಂಥ ಸಿಡಿ ಬಂದದ್ದು ಎರಡು ವರ್ಷದ ಮೇಲೆ, ನಾಲ್ಕು ಕೈ ದಾಟಿ. ಆಗಿನ ಮಾಡೆಮ್‌ನಲ್ಲಿ ಒಂದು ಸಿಡಿಯಷ್ಟು ಇಳಿಸಲು ಎರಡು ದಿನ ಎಡೆಬಿಡದೆ ಫೋನ್ ಹಚ್ಚಿಡಬೇಕು, ನಮ್ಮಲ್ಲಿ ಕರೆಂಟೇ ಎರಡು ಗಂಟೆ ಎಡೆಬಿಡದೆ ಇರುತ್ತಿರಲಿಲ್ಲ. ಹಾಕಿದೆ. ಕಂಪ್ಯೂಟರ್ ಮತ್ತೆ ಶುರು ಮಾಡಿದರೆ ಕಪ್ಪು ಪರದೆಯ ಮೇಲೆ 'ಎಲ್ ಐ' ಅಂತ ಎರಡೇ ಅಕ್ಷರ ಬಂದು ನಿಂತಿತು. ಲಿನಕ್ಸನ್ನು ಶುರು ಮಾಡುವ ಲೋಡರಿನ ಹೆಸರು 'ಲಿಲೊ', ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ. ಪ್ರತಿ ಅಕ್ಷರವೂ ಒಂದು ಹಂತ ದಾಟಿದ ಗುರುತು ಅಂತ ಜೊತೆಗಿದ್ದ ಟಿಪ್ಪಣಿಯಲ್ಲಿತ್ತು. ಎರಡು ಅಕ್ಷರ ಬಂದಿದೆ ಅಂದರೆ ಎರಡನೇ ಹಂತದ ಕೋಡು ಮೆಮೊರಿಗೆ ಬಂದಿದೆ, ಆದರೆ ನಡೆದಿಲ್ಲ. ಡಿಸ್ಕಿನ ಅಳತೆಯನ್ನು ಬಯೋಸ್, ಅಂದರೆ ಯಂತ್ರದೊಳಗಿನ ಮೂಲ ಪ್ರೋಗ್ರಾಂ ಎಣಿಸುವುದಕ್ಕೂ ಲಿನಕ್ಸ್ ಎಣಿಸುವುದಕ್ಕೂ ತಾಳೆಯಾಗುತ್ತಿಲ್ಲ. ಕಾನ್ಫಿಗ್ ಫೈಲಿನಲ್ಲಿ 'ಲೀನಿಯರ್' ಅನ್ನುವ ಒಂದೇ ಪದ ಸೇರಿಸಿದೆ. ಉಳಿದ ಎರಡು ಅಕ್ಷರವೂ ಬಂದವು. ಕೆಟ್ಟು ನಿಂತಾಗಲೂ ಎಲ್ಲಿ ನಿಂತಿದ್ದೇನೆ ಅಂತ ಹೇಳುವ ಯಂತ್ರ ಕಟ್ಟಿದವರ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇನ್ನೂ ಕಮ್ಮಿಯಾಗಿಲ್ಲ.

ಈಗ ನಮ್ಮ ಮನೆಯಲ್ಲಿ ಅಕ್ಕನ ಮಗಳು ಆರ್ಡುಯಿನೋ ಅನ್ನುವ, ಪ್ರೋಗ್ರಾಂ ತುಂಬಿ ನಡೆಸುವ ಸಣ್ಣ ಬೋರ್ಡು ಹಿಡಿದು ಕೂರುತ್ತಾಳೆ. ಇಟಲಿಯ ಇವ್ರೆಯಾ ಊರಿನಲ್ಲಿ 2005ರಲ್ಲಿ ಶುರುವಾದ ಈ ಬೋರ್ಡು ಇವತ್ತು ಸೂಪರ್ ಮಾರ್ಕೆಟ್ ಹತ್ತಿರ ಹೋದರೆ ಸಿಗುತ್ತದೆ. ಕಲಿಯೋದೆಲ್ಲ ವಿಡಿಯೋ ನೋಡಿ. ನಾನು ವಿಡಿಯೋ ಬೇಡ ಅನ್ನುವವನಲ್ಲ, ಬೆಸುಗೆ ಎಷ್ಟು ಹೊಳೆಯಬೇಕು ಅನ್ನೋದನ್ನು ಅಕ್ಷರದಲ್ಲಿ ಹೇಳೋದು ಕಷ್ಟ. ಆದರೆ ವಿಡಿಯೋದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಲು ಆಗೋದಿಲ್ಲ. ನನ್ನ ಹಳೇ ಪತ್ರಿಕೆಗಳ ಅಂಚಿನಲ್ಲಿ ಮೂರು ಜನರ ಕೈಬರಹ ಇದೆ. ರದ್ದಿಗೆ ಹಾಕಿದ ಯಾರೋ ಮೊದಲ ಒಡೆಯನದು ಇಂಗ್ಲಿಷಿನಲ್ಲಿ. ನನ್ನದು ಕನ್ನಡದಲ್ಲಿ, 'ಇಲ್ಲಿ 148 ನಡೀತದೆ, ಕಾಲು ದಾಟಿಸು' ಅಂತ. ಒಂದು ಕಡೆ ಕಾಕಾ ಉರ್ದುವಿನಲ್ಲಿ ಬರೆದ ಎರಡು ಪದ ಇವೆ. ಅದೇನು ಅಂತ ಅವರಿರುವಾಗ ನಾನು ಕೇಳಲಿಲ್ಲ. ಹೋದ ವರ್ಷ ದರ್ಗಾ ಹತ್ತಿರದ ಒಬ್ಬ ಪುಸ್ತಕದಂಗಡಿಯವರಿಗೆ ತೋರಿಸಿದೆ. 'ಗರಮ್ ಹೋತಾ' ಅಂತ ಓದಿದರು. ರೆಗ್ಯುಲೇಟರ್ ಪಕ್ಕ ಬರೆದದ್ದು ಅದು. ಬಿಸಿಯಾಗುತ್ತದೆ, ನೋಡಿಕೋ ಅಂತ.

ನನ್ನ ಕೊರಗು ಒಂದೇ. ಇಂಥ ಬರಹ ಕನ್ನಡದಲ್ಲಿ ಸಾಕಷ್ಟಿಲ್ಲ. ಕಂಪ್ಯೂಟರ್ ಎಂದರೇನು ಅಂತ ವಿವರಿಸುವ ಪುಸ್ತಕ ಇವೆ, ಕನ್ನಡ ಟೈಪಿಸಲು 'ಬರಹ', 'ನುಡಿ' ಕಟ್ಟಿಕೊಟ್ಟವರಿದ್ದಾರೆ, ಅವರಿಗೆ ನಾವು ಋಣಿ. ಆದರೆ ಸರ್ಕ್ಯೂಟ್ ಇಲ್ಲಿದೆ, ಸಾಮಾನು ಇಷ್ಟು ಬೇಕು, ಇದು ಸಿಗದಿದ್ದರೆ ಅದು ಹಾಕು, ಇಲ್ಲಿ ಬಿಸಿಯಾಗುತ್ತದೆ ನೋಡಿಕೋ ಅಂತ ಹೇಳಿ ಕೈಗೆ ಕೆಲಸ ಕೊಡುವ ಕನ್ನಡದ ಪುಟ ನನಗೆ ಆಗ ಬೇಕಿತ್ತು, ಈಗಲೂ ಬೇಕು. 2012ರಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬಂದ ಕೂಡಲೇ ಅದನ್ನು ಮೆಚ್ಚಿದ ಕೆಲವರು ಸಂಬಳವಿಲ್ಲದೆ ಸೇರಿಕೊಂಡು 'ಮ್ಯಾಗ್‌ಪೈ' ಅನ್ನುವ ಪತ್ರಿಕೆ ತೆಗೆದರು. ಅದನ್ನು ನೋಡಿದಾಗ ಕಂಪನಿ, ಕಚೇರಿ ಯಾವುದಕ್ಕೂ ಕಾಯಬೇಕಿಲ್ಲ ಅನಿಸಿತು.

ಹೋದ ವರ್ಷ ನಾನೂ ಶುರು ಮಾಡಿದೆ. ಎ4 ಹಾಳೆ ಮಡಚಿದರೆ ಎಂಟು ಪುಟ. ಒಂದು ಸರ್ಕ್ಯೂಟ್, ಒಂದು ಸಣ್ಣ ಪ್ರೋಗ್ರಾಂ, ಕೊನೇ ಪುಟದಲ್ಲಿ ಖಾಲಿ ಜಾಗ. ಐವತ್ತು ಪ್ರತಿ ಝೆರಾಕ್ಸ್ ಮಾಡಿಸಿ ಗೊತ್ತಿರುವ ಮೇಷ್ಟ್ರುಗಳ ಕೈಗೆ ಕೊಟ್ಟೆ. ಮೂರು ವಾರದ ಮೇಲೆ ಸೇಡಂ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಒಂಬತ್ತನೇ ಕ್ಲಾಸು. "ಸರ್, ಎಲ್‌ಇಡಿಗಿ 330 ಓಮ್ ಅಂತ ಬರದೀರಿ. ಬಣ್ಣ ಕೆಂಪು ಕೆಂಪು ಕಂದು ಅಂತ ಬರದೀರಿ. ಅದು 220 ಆಗ್ತದರಿ. 330ಕ್ಕ ಕಿತ್ತಳಿ ಕಿತ್ತಳಿ ಕಂದು ಬೇಕರಿ."

ಪುಟ ತೆರೆದು ನೋಡಿದೆ. ಹೌದು, ತಪ್ಪಿತ್ತು. ಯಾವುದು ಹಾಕಿದರೂ ದೀಪ ಉರಿಯುತ್ತದೆ, ಆದರೂ ಅವನು ಬಿಟ್ಟಿರಲಿಲ್ಲ. ಮೇಷ್ಟ್ರ ಮೀಟರ್ ಇಸಿದುಕೊಂಡು ಅಳೆದು ನೋಡಿದ್ದ. ನನ್ನ ಹತ್ತಿರ ಇನ್ನೂ ಹದಿನೇಳು ಪ್ರತಿ ಉಳಿದಿದ್ದವು. ರಾತ್ರಿ ಹಿತ್ತಿಲ ಪಡಸಾಲೆಯಲ್ಲಿ, ಆ ತುಕ್ಕಿನ ಕಲೆಯ ಪಕ್ಕ ಕೂತು, ಹದಿನೇಳರಲ್ಲೂ ಪೆನ್ನಿನಿಂದ ತಿದ್ದಿದೆ. ಎರಡನೇ ಸಂಚಿಕೆಯ ಕೊನೇ ಪುಟದ ಖಾಲಿ ಜಾಗಕ್ಕೆ ಮೊದಲ ತಿದ್ದುಪಡಿ ಬಂದಿದೆ, ಅವನ ಊರಿನ ಹೆಸರಿನ ಜೊತೆ.